ಹೊಟ್ಟೆಬರಹ

ಲೈಪ್‌ಜಿಗ್‌ನ ಹನ್ನೊಂದನೇ ನಂಬರಿನ ಟ್ರಾಮು
ತಿರುವಿನಲ್ಲಿ ಕಿರ್ರೆನ್ನುವ ಕಡೆ ಒಂದು ಅಂಗಡಿ.
ಇಪ್ಪತ್ತಾರು ವರ್ಷ ಅದರ ಮುಂದೆ
ಗಂಟೆ ಬಾರಿಸಿಕೊಂಡು ಹೋದವನು ನಾನು,
ಒಳಗೆ ಕಾಲಿಟ್ಟದ್ದು ಈ ಮಂಗಳವಾರ.

ಬಾಗಿಲ ಪಕ್ಕ ಚೌಕಟ್ಟಿನಲ್ಲಿ ಪರವಾನಗಿ,
ಮೊಹರಿನ ನೀಲಿ ಬಿಸಿಲಿಗೆ ಮಾಸಿದೆ.
ಓದಿದೆ, ಪೂರ್ತಿ, ಕೊನೆಯ ಸಹಿವರೆಗೂ.
ಒಡತಿ ರೋಸ್ವಿತಾ ಕನ್ನಡಕದ ಮೇಲಿಂದ ನೋಡಿದಳು:
"ಅದನ್ನು ಓದಿದವರು ಈ ವರ್ಷ ನೀವು ಎರಡನೆಯವರು.
ಮೊದಲನೆಯವನು ತಪಾಸಣೆಗೆ ಬಂದ ಅಧಿಕಾರಿ."

ಆಮೆ ಬೇಕು, ಎಂದೆ.
ಆಕೆ ಆಮೆ ತೋರಿಸಲಿಲ್ಲ, ಕುರ್ಚಿ ತೋರಿಸಿದಳು.

ಅಂಗಳವಿದೆಯೆ? ಬಿಸಿಲು ಎಷ್ಟು ಹೊತ್ತು?
ನಾಯಿಯಿದೆಯೆ? ಬೇಲಿ ಎಷ್ಟು ಆಳಕ್ಕೆ ಹೂತಿದೆ?
ಫ್ರಿಜ್ ಎಷ್ಟಿವೆ?
ಒಂದು, ಎಂದೆ. "ಸಾಲದು. ಇದಕ್ಕೇ ಇನ್ನೊಂದು.
ನವೆಂಬರಿನಿಂದ ಮಾರ್ಚಿನವರೆಗೆ ಐದು ಡಿಗ್ರಿ ತಂಪಿನಲ್ಲಿ
ಮಣ್ಣಿನ ಡಬ್ಬಿಯೊಳಗೆ ಮಲಗಬೇಕು.
ಬಿಯರ್ ಬಾಟಲಿಯ ಪಕ್ಕ ಬೇಡ;
ನೀವು ಬಾಗಿಲು ತೆಗೆದಾಗಲೆಲ್ಲ
ವಸಂತ ಬಂತೆಂದುಕೊಂಡೀತು."

ನಗಬೇಕಿತ್ತು. ನಗಲಿಲ್ಲ.
ಐದು ಡಿಗ್ರಿ.
ಯಾರೂ ಹೇಳಿರಲಿಲ್ಲ ನನಗೆ
ಎಪ್ಪತ್ತನಾಲ್ಕರ ಚಳಿಗಾಲದಲ್ಲಿ.

ಎಂಟು ವರ್ಷ. ಬಲ್ಗೇರಿಯದ ಕಡಲು. ಅಪ್ಪನ ಟ್ರಾಬಾಂಟ್ ಕಾರು.
ಮುಳ್ಳುಕಂಟಿಯ ಬುಡದಲ್ಲಿ ಸರಕ್ಕೆಂದದ್ದನ್ನು
ಉಣ್ಣೆಯ ಕಾಲುಚೀಲದೊಳಗೆ ಇಳಿಸಿ ಗಂಟು ಹಾಕಿ
ನಾಲ್ಕು ಗಡಿ ದಾಟಿಸಿದೆ.
ಗಡಿಗಡಿಗೂ ಟಾರ್ಚು ಹಿಡಿದ ಸಿಪಾಯಿ
ಅಪ್ಪನ ಕಾಗದ ತಿರುವಿ ತಿರುವಿ ನೋಡಿದ.
ನನ್ನ ತೊಡೆಯ ನಡುವೆ ಕಾಲುಚೀಲ
ಉಸಿರು ಬಿಗಿಹಿಡಿದಿತ್ತು, ನನ್ನಂತೆಯೇ.
ಕಾಗದವಿದ್ದವರು ನಡುಗಿದರು;
ಕಾಗದವಿಲ್ಲದ್ದು ಸುಮ್ಮನೆ ದಾಟಿತು.

ಜನರಲ್ ಎಂದು ಹೆಸರಿಟ್ಟೆ.
ಚಳಿಯಾದೀತೆಂದು ಕಲ್ಲಿದ್ದಲ ಒಲೆಯ ಪಕ್ಕ ಇಟ್ಟೆ.
ನಿದ್ದೆಗೆ ಜಾರಿದಾಗಲೆಲ್ಲ ಬೆನ್ನು ತಟ್ಟಿ ಎಬ್ಬಿಸಿದೆ,
ಸತ್ತಿತೇನೋ ಎಂಬ ಭಯಕ್ಕೆ.
ಫೆಬ್ರವರಿಯಲ್ಲಿ ಭಯ ನಿಜವಾಯಿತು.
ಅಮ್ಮ ಬೂಟಿನ ಪೆಟ್ಟಿಗೆ ಕೊಟ್ಟಳು. ನೆಲ ಹೆಪ್ಪುಗಟ್ಟಿ
ಗುದ್ದಲಿ ಇಳಿಯಲಿಲ್ಲ. ಮಾರ್ಚಿನವರೆಗೆ
ಪೆಟ್ಟಿಗೆ ಕಿಟಕಿಯಾಚೆಯ ಕಟ್ಟೆಯ ಮೇಲಿತ್ತು,
ಬೇಕಾಗಿದ್ದ ತಂಪಿನಲ್ಲಿ,
ಬೇಡವಾದ ಮೇಲೆ.

ಇದನ್ನು ಆಕೆಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ.
ಹೇಳಿರಬೇಕು. ಎದ್ದು ಹೋಗಿ
ಅಂಗೈಯಲ್ಲಿ ತಂದಳು: ಒಂದು ವರ್ಷದ್ದು, ಮೂವತ್ತೆಂಟು ಗ್ರಾಂ,
ಅಕ್ರೋಟು ಕಾಯಿಗೆ ಕಾಲು ಬಂದಂತೆ.
ಜೊತೆಗೆ ಹಳದಿ ಕಾಗದ: ಹುಟ್ಟಿದ್ದು ಇಂಥವರ ಹಿತ್ತಿಲಲ್ಲಿ,
ತಾಯಿ ಇಂಥದು, ತಂದೆ ಇಂಥದು,
ಕಾಡಿನಿಂದ ಕಿತ್ತು ತಂದದ್ದಲ್ಲ.
ಗ್ರಾಫ್ ಹಾಳೆಯ ಮೇಲೆ ಅಂಗಾತ ಮಲಗಿಸಿದ ಫೋಟೊ.
"ಹೊಟ್ಟೆಯ ಗೆರೆ ಒಂದರದ್ದು ಇನ್ನೊಂದಕ್ಕಿಲ್ಲ.
ಬೆಳೆದಂತೆ ಹಿಗ್ಗುತ್ತದೆ, ಅಳಿಯುವುದಿಲ್ಲ.
ವರ್ಷವರ್ಷ ಫೋಟೊ ತೆಗೆದು ಅಂಟಿಸಬೇಕು."
ನಮಗೆ ಹಣೆಬರಹ, ಯಾರೂ ಓದಲಾರದ್ದು.
ಇದಕ್ಕೆ ಹೊಟ್ಟೆಬರಹ, ಸರ್ಕಾರವೇ ಓದುತ್ತದೆ.

ಕೊನೆಯ ಪ್ರಶ್ನೆಗೆ ಪೆನ್ನು ಕೆಳಗಿಟ್ಟಳು.
"ನಿಮಗೆ ಐವತ್ತೆಂಟು. ಇದು ಎಪ್ಪತ್ತು ಬಾಳೀತು.
ನಿಮ್ಮ ನಂತರ?"

ದಿನಕ್ಕೆ ಸಾವಿರ ಜನರ ಹತ್ತಿಸಿ ಇಳಿಸಿದವನ ಬಳಿ
ಒಂದು ಹೆಸರಿರಲಿಲ್ಲ.

ಬರಿಗೈಯಲ್ಲಿ ಮರಳಿದೆ. ಬೇಕರಿಯ ಹಿಂಬಾಗಿಲಲ್ಲಿ
ತಂಗಿಯ ಮಗಳು ಯೊಲಾಂಡೆ
ಹಿಟ್ಟಿನ ಕೈಯಲ್ಲೇ ಸಹಿ ಹಾಕಿದಳು.
"ಮಾವ, ಇದು ಆಸ್ತಿಯೋ, ಸಾಲವೋ?"
ಮೂವತ್ತೆಂಟು ಗ್ರಾಂ, ಎಂದೆ.

ಆಮೆ ತನ್ನ ಮರಿಯನ್ನು
ನೆನೆನೆನೆದೇ ಸಾಕುತ್ತದಂತೆ, ಹಾಲಿಲ್ಲ, ಗುಟುಕಿಲ್ಲ.
ಐವತ್ತು ವರ್ಷ ನಾನೂ ಸಾಕಿದ್ದೇನೆ ಹಾಗೆ ಒಂದನ್ನು.

ಶನಿವಾರ ಕರೆತರಬೇಕು. ಅದು ಮಲಗುವ ಕಾಲ ಇನ್ನೂ ದೂರ.
ಆದರೂ ಹಳೆಯ ಸಾಮಾನಿನಂಗಡಿಯಿಂದ ತಂದ ಪುಟ್ಟ ಫ್ರಿಜ್
ಈ ರಾತ್ರಿಯೇ ಗುಂಯ್‌ಗುಡುತ್ತಿದೆ, ಖಾಲಿ.
ಎದ್ದು ನೋಡಿದೆ: ಐದು.
ಮತ್ತೊಮ್ಮೆ ಎದ್ದು ನೋಡಿದೆ: ಐದು.
ಬಾಗಿಲು ಮುಚ್ಚಿದೆ,
ಮೆಲ್ಲಗೆ.